ಫರ್ಸಿ ಸೀಮೆಯ ಮನೆಯಲ್ಲಿ ವಿದ್ಯುತ್ತು: ತಂತಿ, ವೋಲ್ಟೇಜ್ ಮತ್ತು ಬೆಂಕಿ

ಸೀಮೆ ಮತ್ತು ವಿಷಯ

ಕಲಬುರಗಿ ಜಿಲ್ಲೆಯ ಭಂಕೂರ ಶಹಾಬಾದಿಗೆ ಹೊಂದಿಕೊಂಡಿರುವ ಊರು. ಹತ್ತಿರದಲ್ಲೇ ವಾಡಿ, ಚಿತ್ತಾಪುರ. ಅವುಗಳಾಚೆ ಸೇಡಂ. ಈಶಾನ್ಯಕ್ಕೆ ದೂರದಲ್ಲಿ ಚಿಂಚೋಳಿ. ಈ ಸೀಮೆಯ ಬಹುಭಾಗದ ಅಡಿಯಲ್ಲಿ ಭೂವಿಜ್ಞಾನಿಗಳು ಭೀಮಾ ಸಮೂಹ ಎಂದು ಕರೆಯುವ ಸುಣ್ಣಕಲ್ಲಿನ ಪದರಗಳಿವೆ. ಪದರ ಪದರವಾಗಿ ಏಳುವ ಈ ಕಲ್ಲೇ ಊರಿನವರ ಬಾಯಲ್ಲಿ ಫರ್ಸಿ, ಹೊರಗಿನವರ ಬಾಯಲ್ಲಿ ಶಹಾಬಾದ್ ಕಲ್ಲು. ದೇಶದ ನಾನಾ ಭಾಗದ ಮನೆಗಳಿಗೆ ಅದು ನೆಲಹಾಸಾಗಿ ಹೋಗಿದೆ. ಅದೇ ಸುಣ್ಣಕಲ್ಲನ್ನು ನಂಬಿ ನಿಜಾಮರ ಕಾಲದಲ್ಲೇ ಶಹಾಬಾದಿಗೆ ಸಿಮೆಂಟ್ ಕಾರ್ಖಾನೆ ಬಂತು. ಮುಂದೆ ವಾಡಿ, ಸೇಡಂ, ಮಳಖೇಡಗಳಿಗೂ ಬಂದವು.

ಮನೆಯ ವಿದ್ಯುತ್ ಜೋಡಣೆಯ ಲೇಖನದಲ್ಲಿ ಕಲ್ಲಿನ ಮಾತು ಏಕೆಂದರೆ, ಈ ಸೀಮೆಯ ಮೂರು ಗುಣಗಳು ನೇರವಾಗಿ ತಂತಿಗೆ ಸಂಬಂಧಿಸಿವೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಉಷ್ಣತೆ 42 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಮೇಲ್ಮಣ್ಣು ತೆಳುವಾಗಿ ಕೆಳಗೆ ಬಂಡೆ ಇರುವ ಕಡೆ ವಿದ್ಯುತ್ತು ಭೂಮಿಗೆ ಸುಲಭವಾಗಿ ಇಳಿಯುವುದಿಲ್ಲ. ಕಲ್ಲು ಕೊಯ್ಯುವ ಮತ್ತು ಪಾಲಿಶ್ ಮಾಡುವ ಯಂತ್ರಗಳ ಮೋಟಾರುಗಳು, ಹೊಲಗಳ ಪಂಪುಗಳು ಮನೆಗಳ ನೆರೆಯಲ್ಲೇ ವಿದ್ಯುತ್ತನ್ನು ಸೆಳೆಯುತ್ತವೆ.

ಮನೆಗೆ ಬೆಂಕಿ ಬಿದ್ದ ಮರುದಿನ ಪತ್ರಿಕೆಗಳಲ್ಲಿ ‘ಶಾರ್ಟ್ ಸರ್ಕ್ಯೂಟ್‌ನಿಂದ ಅವಘಡ’ ಎಂಬ ಒಂದೇ ಸಾಲು ಬರುತ್ತದೆ. ಎಲ್ಲ ವಿದ್ಯುತ್ ಬೆಂಕಿಗೂ ಅದೇ ಹೆಸರು. ವಾಸ್ತವದಲ್ಲಿ ಸರಿಯಾದ ರಕ್ಷಣಾ ಸಾಧನವಿರುವ ಮನೆಯಲ್ಲಿ ಶುದ್ಧ ಶಾರ್ಟ್ ಸರ್ಕ್ಯೂಟ್ ಕ್ಷಣಾರ್ಧದಲ್ಲಿ ತಾನೇ ಕಡಿದುಹೋಗುತ್ತದೆ. ಹೆಚ್ಚು ಅಪಾಯಕಾರಿಯಾದದ್ದು ಯಾವ ಸಾಧನದ ಕಣ್ಣಿಗೂ ಬೀಳದೆ ತಿಂಗಳುಗಟ್ಟಲೆ ಒಂದೇ ಬಿಂದುವಿನಲ್ಲಿ ಕಾಯುವ ಬಿಸಿ.

ಕಂಬದಿಂದ ಮೀಟರಿನವರೆಗೆ

ರಾಜ್ಯದ ವಿದ್ಯುತ್ ಪ್ರಸರಣ ಕೆಪಿಟಿಸಿಎಲ್ ಕೈಯಲ್ಲಿದೆ. 1957ರಲ್ಲಿ ರಚನೆಯಾದ ವಿದ್ಯುಚ್ಛಕ್ತಿ ಮಂಡಳಿಯ ಉತ್ತರಾಧಿಕಾರಿ ಅದು. ಹಳಬರು ಈಗಲೂ ಎಲ್ಲವನ್ನೂ ಕೆಇಬಿ ಎಂದೇ ಕರೆಯುತ್ತಾರೆ. ಕಲಬುರಗಿ ಭಾಗದಲ್ಲಿ ಮನೆಮನೆಗೆ ವಿತರಿಸುವ ಕೆಲಸ 2002ರ ಜೂನ್‌ನಿಂದ ಜೆಸ್ಕಾಂ ಎಂಬ ಪ್ರತ್ಯೇಕ ಕಂಪನಿಗೆ ಸೇರಿದೆ.

ಉಪಕೇಂದ್ರದಿಂದ 11,000 ವೋಲ್ಟಿನ ಮಾರ್ಗ ಊರೊಳಗೆ ಬರುತ್ತದೆ. ಓಣಿಯ ತುದಿಯ ಕಂಬಗಳ ಮೇಲೆ ಕುಳಿತ ಪರಿವರ್ತಕ, ಅಂದರೆ ಜನ ‘ಟಿ.ಸಿ.’ ಎನ್ನುವ ಟ್ರಾನ್ಸ್‌ಫಾರ್ಮರ್, ಅದನ್ನು 433 ವೋಲ್ಟಿಗೆ ಇಳಿಸುತ್ತದೆ. ಅಲ್ಲಿಂದ ಮೂರು ಫೇಸ್ ತಂತಿಗಳು, ಒಂದು ತಟಸ್ಥ ತಂತಿ, ಎಂದರೆ ನ್ಯೂಟ್ರಲ್, ಹೊರಡುತ್ತವೆ. ಯಾವುದೇ ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್. ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230. ಸಾಮಾನ್ಯ ಮನೆಗೆ ಸಿಗುವುದು ಈ ಎರಡನೆಯದು. ಕಲ್ಲಿನ ಯಂತ್ರಕ್ಕೆ, ಪಂಪಿಗೆ ಮೂರೂ ಫೇಸ್ ಬೇಕು.

ಟಿ.ಸಿ.ಗೂ ಮಿತಿಯುಂಟು. 63 ಕೆವಿಎ ಸಾಮರ್ಥ್ಯದ ಪರಿವರ್ತಕ ಪ್ರತಿ ಫೇಸ್‌ನಲ್ಲಿ ಸುಮಾರು 84 ಆಂಪಿಯರ್ ಕೊಡಬಲ್ಲದು. ತಲಾ 2 ಕಿಲೋವ್ಯಾಟ್ ಸೆಳೆಯುವ ಹತ್ತು ಮನೆಗಳು ಒಂದೇ ಫೇಸ್‌ಗೆ ಸೇರಿದರೆ ಆ ಫೇಸ್ ತುಂಬಿತು. ಚಳಿಗಾಲದ ಬೆಳಿಗ್ಗೆ ಎಲ್ಲರೂ ಒಮ್ಮೆಗೇ ನೀರು ಕಾಯಿಸಲು ಹಾಕಿದಾಗ ದೀಪ ಮಂಕಾಗುವುದು ಇದರಿಂದಲೇ.

ವೋಲ್ಟೇಜ್: 230 ಎಂಬ ಸಂಖ್ಯೆ

ತಂತಿಯಲ್ಲಿ ವಿದ್ಯುತ್ಕಣಗಳನ್ನು ತಳ್ಳುವ ಒತ್ತಡಕ್ಕೆ ವಿಭವಾಂತರ ಅಥವಾ ವೋಲ್ಟೇಜ್ ಎಂದು ಹೆಸರು. ಒಂದು ಸೆಕೆಂಡಿನಲ್ಲಿ ಎಷ್ಟು ವಿದ್ಯುದಂಶ ಹರಿಯಿತು ಎಂಬುದು ಪ್ರವಾಹ. ಅದರ ಅಳತೆ ಆಂಪಿಯರ್. ಎರಡನ್ನೂ ಗುಣಿಸಿದರೆ ಶಕ್ತಿ ವ್ಯಾಟ್‌ಗಳಲ್ಲಿ ಸಿಗುತ್ತದೆ. 2,000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ 8.7 ಆಂಪಿಯರ್ ಸೆಳೆಯುತ್ತದೆ. ಅಮೆರಿಕದ 120 ವೋಲ್ಟಿನಲ್ಲಿ ಅಷ್ಟೇ ಕೆಲಸಕ್ಕೆ 16.7 ಆಂಪಿಯರ್ ಬೇಕು. ವೋಲ್ಟೇಜ್ ಹೆಚ್ಚಿದ್ದರೆ ತೆಳುವಾದ ತಂತಿ ಸಾಕು, ಆದರೆ ಮುಟ್ಟಿದವನಿಗೆ ಆಘಾತ ಹೆಚ್ಚು. ಬ್ರಿಟನ್ನಿನ ಪದ್ಧತಿಯನ್ನು ಅನುಸರಿಸಿದ ಭಾರತ ಹೆಚ್ಚಿನ ವೋಲ್ಟೇಜಿನ ದಾರಿ ಹಿಡಿಯಿತು.

ನಮ್ಮ ಮನೆಗೆ ಬರುವುದು ಪರ್ಯಾಯ ವಿದ್ಯುತ್ತು. ಸೆಕೆಂಡಿಗೆ 50 ಆವರ್ತಗಳಲ್ಲಿ ದಿಕ್ಕು ಬದಲಿಸುತ್ತದೆ. 230 ಎಂಬುದು ಒಂದು ಬಗೆಯ ಸರಾಸರಿ. ಪ್ರತಿ ಆವರ್ತದಲ್ಲೂ ಅದು ಸುಮಾರು 325 ವೋಲ್ಟಿನ ಶಿಖರವನ್ನು ಮುಟ್ಟಿ ಬರುತ್ತದೆ. ತಂತಿಯ ಹೊದಿಕೆ ತಡೆಯಬೇಕಾದದ್ದು ಆ ಶಿಖರವನ್ನು.

1956ರ ಭಾರತೀಯ ವಿದ್ಯುತ್ ನಿಯಮಗಳು ಗ್ರಾಹಕನ ಮನೆಬಾಗಿಲಲ್ಲಿ ಘೋಷಿತ ವೋಲ್ಟೇಜಿನಿಂದ ಶೇ 6ಕ್ಕಿಂತ ಹೆಚ್ಚಿನ ಏರಿಳಿತ ಇರಬಾರದು ಎಂದಿದ್ದವು. 230ರ ಲೆಕ್ಕದಲ್ಲಿ ಅದು 216ರಿಂದ 244. ಟಿ.ಸಿ.ಯ ಪಕ್ಕದ ಮನೆ ಮತ್ತು ಮಾರ್ಗದ ಕೊನೆಯ ಮನೆ ಎರಡೂ ಈ ಪಟ್ಟಿಯೊಳಗೆ ಕೂರುವುದು ಸುಲಭವಲ್ಲ. ಕಿಲೋಮೀಟರಿಗೆ ಒಂದು ಓಮ್ ರೋಧವಿರುವ ತಂತಿ ಅರ್ಧ ಕಿಲೋಮೀಟರ್ ದೂರ ಹೋಗಿದೆ ಎಂದಿಟ್ಟುಕೊಳ್ಳಿ. ಹೋಗುವ ಫೇಸ್, ಮರಳುವ ನ್ಯೂಟ್ರಲ್ ಸೇರಿ ಒಂದು ಓಮ್ ಆಯಿತು. ಅದರಲ್ಲಿ 30 ಆಂಪಿಯರ್ ಹರಿದರೆ 30 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಕೊನೆಯ ಮನೆಗೆ ಉಳಿಯುವುದು 200. ಇದೇ ಊರ ಮಾತಿನ ‘ಡಿಮ್ ಕರೆಂಟು’.

ಇಳಿದಾಗ ಏನಾಗುತ್ತದೆ, ಏರಿದಾಗ ಏನಾಗುತ್ತದೆ

ವೋಲ್ಟೇಜ್ ಇಳಿದರೆ ಎಲ್ಲ ಉಪಕರಣಗಳೂ ಒಂದೇ ರೀತಿ ವರ್ತಿಸುವುದಿಲ್ಲ. ಬಿಸಿ ಮಾಡುವ ಕಾಯಿಲ್ ಸುಮ್ಮನೆ ಸೋಮಾರಿಯಾಗುತ್ತದೆ: 230 ವೋಲ್ಟಿನಲ್ಲಿ 2,000 ವ್ಯಾಟ್ ಕೊಡುವ ಹೀಟರ್ 180 ವೋಲ್ಟಿನಲ್ಲಿ ಕೊಡುವುದು ಸುಮಾರು 1,225 ವ್ಯಾಟ್. ಅದರಿಂದ ಅಪಾಯವಿಲ್ಲ. ಫ್ರಿಜ್‌ನ ಕಂಪ್ರೆಸರ್, ನೀರೆತ್ತುವ ಮೋಟಾರು ಹಾಗಲ್ಲ. ಅವು ಮಾಡಬೇಕಾದ ಕೆಲಸ ಅಷ್ಟೇ ಇರುವುದರಿಂದ ಹೆಚ್ಚು ಪ್ರವಾಹ ಸೆಳೆಯುತ್ತವೆ. ತಿರುಗಲಾರದೆ ನಿಂತುಬಿಟ್ಟ ಮೋಟಾರು ಸಾಮಾನ್ಯದ ಹಲವು ಪಟ್ಟು ಪ್ರವಾಹ ಎಳೆದು ತನ್ನ ಸುರುಳಿಯನ್ನೇ ಸುಟ್ಟುಕೊಳ್ಳುತ್ತದೆ. ಡಿಮ್ ಕರೆಂಟು ಬಂದಾಗ ದೀಪ ಆರಿಸುವುದಕ್ಕಿಂತ ಮೊದಲು ಮೋಟಾರು ನಿಲ್ಲಿಸಬೇಕು.

ಏರಿಕೆ ಇನ್ನೂ ಕ್ರೂರ. ಅದರ ಅತ್ಯಂತ ಕೆಟ್ಟ ರೂಪ ಕಂಬದಲ್ಲಿ ನ್ಯೂಟ್ರಲ್ ಕಡಿದಾಗ ಕಾಣುತ್ತದೆ. ಮುಂಗಾರಿಗೆ ಮೊದಲಿನ ಗಾಳಿಮಳೆಗೆ ಹಳೆಯ ತಂತಿ ಹರಿಯುವುದು ಈ ಸೀಮೆಗೆ ಹೊಸತಲ್ಲ. ನ್ಯೂಟ್ರಲ್ ಹೋದರೆ ಬೇರೆ ಬೇರೆ ಫೇಸ್‌ನ ಎರಡು ಮನೆಗಳು ಒಂದರ ಹಿಂದೊಂದು ಪೋಣಿಸಿದಂತಾಗಿ ಅವೆರಡರ ಮೇಲೆ 400 ವೋಲ್ಟ್ ಬೀಳುತ್ತದೆ. ಅದು ಸಮನಾಗಿ ಹಂಚಿಕೆಯಾಗುವುದಿಲ್ಲ. ಒಂದು ಮನೆಯಲ್ಲಿ 2,000 ವ್ಯಾಟಿನ ಗೀಸರ್, ಇನ್ನೊಂದರಲ್ಲಿ ಟಿ.ವಿ., ದೀಪ ಸೇರಿ 100 ವ್ಯಾಟ್ ಇದ್ದರೆ, ಓಮ್ ನಿಯಮದ ಲೆಕ್ಕದಂತೆ ಕಡಿಮೆ ಹೊರೆಯ ಮನೆಗೆ ಸುಮಾರು 380 ವೋಲ್ಟ್ ನುಗ್ಗುತ್ತದೆ. ಮಿತವಾಗಿ ಬಳಸಿದವನ ಮನೆಯೇ ಮೊದಲು ಸುಡುವ ಅನ್ಯಾಯ ಇದು. ಒಂದು ಮನೆಯ ದೀಪ ಕಣ್ಣು ಕುಕ್ಕುವಷ್ಟು ಬೆಳಗಿ ಪಕ್ಕದ ಮನೆಯದು ಮಂಕಾದರೆ, ಕಾರಣ ಹುಡುಕುತ್ತ ನಿಲ್ಲದೆ ಮೇನ್ ಸ್ವಿಚ್ ಇಳಿಸಬೇಕು. ಮಿತಿ ಮೀರಿದ ವೋಲ್ಟೇಜ್ ಬಂದಾಗ ತಾನಾಗಿ ಕಡಿದುಕೊಳ್ಳುವ ಸಾಧನಗಳು ಮಾರುಕಟ್ಟೆಯಲ್ಲಿವೆ. ಎಲ್ಲ ಬಗೆಯ ಸ್ಟೆಬಿಲೈಸರ್‌ಗಳಿಗೆ ಆ ಶಕ್ತಿ ಇರುವುದಿಲ್ಲ.

ತಂತಿಯ ದಪ್ಪ ಮತ್ತು ಬಿಸಿಲು

ತಂತಿಯ ಗಾತ್ರವನ್ನು ಈಗ ಅದರ ಅಡ್ಡಕೊಯ್ತದ ವಿಸ್ತೀರ್ಣದಿಂದ, ಚದರ ಮಿಲಿಮೀಟರ್‌ಗಳಲ್ಲಿ ಹೇಳುತ್ತಾರೆ. ದೀಪ, ಫ್ಯಾನುಗಳಿಗೆ 1 ಅಥವಾ 1.5, 16 ಆಂಪಿಯರಿನ ಪ್ಲಗ್ಗಿಗೆ 2.5, ಗೀಸರ್, ಎ.ಸಿ.ಗೆ 4, ಮೀಟರಿನಿಂದ ಬರುವ ಮುಖ್ಯ ತಂತಿಗೆ ಅದಕ್ಕೂ ದಪ್ಪ. ಹಳೆಯ ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ಇನ್ನೂ ‘ಮೂರು ಇಪ್ಪತ್ತು’, ‘ಏಳು ಇಪ್ಪತ್ತು’ ಉಳಿದಿವೆ. ಇಪ್ಪತ್ತನೆಯ ಗೇಜಿನ ಮೂರು ಎಳೆ, ಏಳು ಎಳೆ ಎಂದು ಅರ್ಥ. ಗಾತ್ರಕ್ಕೆ ತಕ್ಕಂತೆ ಪ್ರವಾಹ ಹೊರುವ ಶಕ್ತಿ ಇರುತ್ತದೆ, ಆದರೆ ಆ ಶಕ್ತಿ ಸ್ಥಿರವಲ್ಲ. ಅದು ಸುತ್ತಲಿನ ಉಷ್ಣತೆಯನ್ನು ಅವಲಂಬಿಸಿದೆ.

ಸಾಮಾನ್ಯ ಪಿವಿಸಿ ಹೊದಿಕೆ 70 ಡಿಗ್ರಿಯವರೆಗೆ ಬಾಳುತ್ತದೆ. ಸುತ್ತಲೂ 30 ಡಿಗ್ರಿ ಇದ್ದರೆ ತಂತಿಗೆ ಬಿಸಿಯಾಗಲು 40 ಡಿಗ್ರಿಯ ಅವಕಾಶವಿದೆ. ಸುತ್ತಲೂ 45 ಇದ್ದರೆ ಉಳಿಯುವುದು 25 ಮಾತ್ರ. ಬಿಸಿ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಲೆಕ್ಕ ಹಾಕಿದರೆ ಅದೇ ತಂತಿ ಸುರಕ್ಷಿತವಾಗಿ ಹೊರಬಲ್ಲ ಪ್ರವಾಹ ಶೇ 79ಕ್ಕೆ ಇಳಿಯುತ್ತದೆ. ಇನ್ನು ಬಿಸಿಲು ಕುಡಿದ ಕಾಂಕ್ರೀಟ್ ಛಾವಣಿಯೊಳಗಿನ ಪೈಪಿನಲ್ಲಿ, ಒಂದೇ ಪೈಪಿನಲ್ಲಿ ಹತ್ತು ತಂತಿ ತುರುಕಿರುವಾಗ, ಪರಿಸ್ಥಿತಿ ಇದಕ್ಕಿಂತ ಕೆಟ್ಟದು. ಉಷ್ಣತೆ ಪ್ರತಿ 10 ಡಿಗ್ರಿ ಏರಿದಂತೆ ಹೊದಿಕೆಯ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ನಿಯಮ. ಬೇರೆ ಊರಿಗೆ ಸರಿಹೋಗುವ ತಂತಿಯ ಗಾತ್ರ ಭಂಕೂರಿಗೆ ಸಾಲದು ಎನ್ನಲು ಇಷ್ಟು ಸಾಕು. ಈ ಸೀಮೆಯಲ್ಲಿ ಮನೆ ಕಟ್ಟುವವರು ಪ್ಲಗ್ಗಿನ ತಂತಿಯನ್ನು ಒಂದು ಅಳತೆ ದಪ್ಪ ಹಾಕಿಸಿದರೆ ಅದು ದುಂದುವೆಚ್ಚವಲ್ಲ.

ಹಳೆಯ ಮನೆಗಳಿಗೆ ಇನ್ನೊಂದು ಇತಿಹಾಸವಿದೆ. ಭಾಗ್ಯಜ್ಯೋತಿಯಂಥ ಯೋಜನೆಗಳಲ್ಲಿ ಒಂದು ದೀಪಕ್ಕೆಂದು ಎಳೆದ ತಂತಿಯ ಮೇಲೆಯೇ ಮುಂದೆ ಫ್ಯಾನು, ಟಿ.ವಿ., ಫ್ರಿಜ್, ಮಿಕ್ಸರ್ ಸೇರಿಕೊಂಡವು. 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ನೀಡುವ ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟ್ 5ರಂದು ಕಲಬುರಗಿಯಲ್ಲೇ ಚಾಲನೆ ದೊರೆಯಿತು. ಬಿಲ್ಲು ಸೊನ್ನೆಯಾದರೂ ಗೋಡೆಯೊಳಗಿನ ತಂತಿ ಹಳೆಯದೇ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಮುದ್ರಿತವಾಗಿರುತ್ತದೆ. ಮನೆಯ ಉಪಕರಣಗಳ ವ್ಯಾಟುಗಳನ್ನು ಕೂಡಿ ಅದರೊಂದಿಗೆ ಹೋಲಿಸುವುದು ಹತ್ತನೆಯ ತರಗತಿ ಓದಿದವರೂ ಮಾಡಬಹುದಾದ ಕೆಲಸ.

ಬೆಂಕಿ ಹುಟ್ಟುವ ಜಾಗ

ವಾಹಕದಲ್ಲಿ ಹುಟ್ಟುವ ಬಿಸಿ ಪ್ರವಾಹದ ವರ್ಗ ಮತ್ತು ರೋಧಗಳ ಗುಣಲಬ್ಧ ಎಂದು ಜೇಮ್ಸ್ ಜೌಲ್ 1840ರ ದಶಕದ ಆರಂಭದಲ್ಲಿ ತೋರಿಸಿದನು. ಮನೆಯ ಬೆಂಕಿಯ ಬಹುಪಾಲು ಕಥೆ ಈ ಒಂದು ಸೂತ್ರದಲ್ಲಿದೆ. ಒಳ್ಳೆಯ ತಾಮ್ರದ ತಂತಿಯ ರೋಧ ಅತ್ಯಲ್ಪ, ಅದು ಉದ್ದಕ್ಕೂ ಹರಡಿಕೊಂಡಿರುತ್ತದೆ. ಸಡಿಲವಾದ ಜೋಡಣೆಯಲ್ಲಿ ಮಾತ್ರ ರೋಧ ಒಂದೇ ಬಿಂದುವಿನಲ್ಲಿ ಕೂಡಿಬೀಳುತ್ತದೆ.

3,000 ವ್ಯಾಟಿನ ಹೊರೆ 13 ಆಂಪಿಯರ್ ಸೆಳೆಯುತ್ತಿದೆ, ದಾರಿಯಲ್ಲಿನ ಒಂದು ಸಡಿಲ ಸ್ಕ್ರೂವಿನ ಬಳಿ 0.2 ಓಮ್ ರೋಧವಿದೆ ಎಂದು ಊಹಿಸೋಣ. ಅಲ್ಲಿ ಕಳೆಯುವುದು ಬರೀ 2.6 ವೋಲ್ಟ್, ಯಾವ ದೀಪವೂ ಮಂಕಾಗುವುದಿಲ್ಲ. ಆದರೆ ಹುಟ್ಟುವ ಬಿಸಿ 34 ವ್ಯಾಟ್. ರೇಡಿಯೊ ರಿಪೇರಿಯವರು ಸೀಸ ಕರಗಿಸಲು ಹಿಡಿಯುವ ಬೆಸುಗೆ ಕಡ್ಡಿ 25 ವ್ಯಾಟಿನದು. ಅದಕ್ಕಿಂತ ಬಿಸಿಯಾದದ್ದೊಂದು ಪ್ಲಾಸ್ಟಿಕ್ ಸ್ವಿಚ್ ಪೆಟ್ಟಿಗೆಯೊಳಗೆ, ಗೋಡೆಯ ಮರೆಯಲ್ಲಿ, ಗಂಟೆಗಟ್ಟಲೆ ಉರಿಯುತ್ತಿರುತ್ತದೆ. ಬಿಸಿಯಿಂದ ತಾಮ್ರದ ಮೇಲ್ಮೈ ಆಕ್ಸಿಡೀಕರಣಗೊಂಡು ರೋಧ ಮತ್ತಷ್ಟು ಏರುತ್ತದೆ. ರೋಧ ಏರಿದಂತೆ ಬಿಸಿ ಮತ್ತಷ್ಟು. ಕೊನೆಗೆ ಸಂಪರ್ಕ ಬಿಟ್ಟುಬಿಟ್ಟು ಹಿಡಿದು ಕಿಡಿ ಹಾರುತ್ತದೆ. ಆ ಕಿಡಿಯ ಉಷ್ಣತೆ ಸಾವಿರಾರು ಡಿಗ್ರಿ. ಮರ ಹೊತ್ತಿಕೊಳ್ಳಲು 300 ಡಿಗ್ರಿಯ ಆಸುಪಾಸು ಸಾಕು.

ಈ ಇಡೀ ಪ್ರಕ್ರಿಯೆಯಲ್ಲಿ ಪ್ರವಾಹ 13 ಆಂಪಿಯರ್ ಮೀರಲೇ ಇಲ್ಲ ಎಂಬುದನ್ನು ಗಮನಿಸಬೇಕು. ಫ್ಯೂಸಿಗೆ ದೂರು ಹೋಗಲಿಲ್ಲ. ಹೊದಿಕೆ ಕರಗಿ ಫೇಸ್ ಮತ್ತು ನ್ಯೂಟ್ರಲ್ ಒಂದಕ್ಕೊಂದು ತಗುಲಿದಾಗ ಶಾರ್ಟ್ ಸರ್ಕ್ಯೂಟ್ ಆಗುತ್ತದೆ, ಪತ್ರಿಕೆಯ ಸಾಲು ನಿಜವಾಗುತ್ತದೆ. ಅಷ್ಟರಲ್ಲಿ ಅದು ಬೆಂಕಿಯ ಕಾರಣವಾಗಿ ಉಳಿದಿರುವುದಿಲ್ಲ, ಪರಿಣಾಮವಾಗಿರುತ್ತದೆ.

ಇಂಥ ಬಿಂದುಗಳು ಎಲ್ಲೆಲ್ಲಿ? ತಂತಿಯನ್ನು ಕೈಯಲ್ಲೇ ತಿರುಚಿ ಟೇಪು ಸುತ್ತಿದ ಕಡೆ. ಕಂಬದಿಂದ ಬಂದ ಅಲ್ಯೂಮಿನಿಯಂ ಸರ್ವಿಸ್ ತಂತಿ ಮನೆಯ ತಾಮ್ರದ ತಂತಿಗೆ ಸೇರುವ ಕಡೆ. ಎರಡು ಲೋಹಗಳ ನಡುವೆ ತೇವ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಪಿನ್ನುಗಳನ್ನು ಹಿಡಿಯುವ ಶಕ್ತಿ ಕಳೆದುಕೊಂಡ ಹಳೆಯ ಸಾಕೆಟ್‌ನಲ್ಲಿ. ಒಂದೇ ಪ್ಲಗ್ಗಿಗೆ ಸಿಕ್ಕಿಸಿದ ಮಲ್ಟಿಪ್ಲಗ್‌ನಲ್ಲಿ. ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದ ಹಳೆಯ ವಯರಿಂಗ್ ಮಾಳಿಗೆ ಮನೆಗಳಲ್ಲಿ ಇನ್ನೂ ಇದೆ. ಅಲ್ಲಿ ಹೊದಿಕೆ ಒಣಗಿ ಬಿರಿಯುತ್ತದೆ, ತೊಗರಿ ಚೀಲಗಳ ನೆರೆಯಲ್ಲಿ ಇಲಿಗಳು ಉಳಿದದ್ದನ್ನು ಕಡಿಯುತ್ತವೆ. ಕಲ್ಲಿನ ಪಾಲಿಶ್ ಘಟಕದ ಪಕ್ಕದ ಮನೆಗಳಲ್ಲಿ ನುಣುಪು ಧೂಳು ಸ್ವಿಚ್ಚುಗಳೊಳಗೆ ಕೂರುತ್ತದೆ. ಮಳೆಗಾಲದ ತೇವ ಸೇರಿದರೆ ಆ ಧೂಳಿನ ಪದರದ ಮೇಲೆಯೇ ಸಣ್ಣ ಪ್ರವಾಹ ಹರಿಯಬಹುದು. ಬರಿಗಣ್ಣಿಗೆ ಸಿಗುವ ಸುಳಿವುಗಳು ಕೆಲವೇ: ಹಳದಿಗಟ್ಟಿದ ಸಾಕೆಟ್, ಬಿಸಿಯಾದ ಪ್ಲಗ್, ಸುಟ್ಟ ಮೀನಿನಂಥ ನಾತ, ಕಾರಣವಿಲ್ಲದೆ ಮಿಟುಕುವ ದೀಪ.

ಫ್ಯೂಸ್ ಮತ್ತು ಎಂಸಿಬಿ

ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಒಂದು ಸರಳ ಬುದ್ಧಿವಂತಿಕೆ: ಜಾಲದಲ್ಲಿ ಉದ್ದೇಶಪೂರ್ವಕವಾಗಿ ಒಂದು ದುರ್ಬಲ ಎಳೆ ಇಟ್ಟು, ಹೊರೆ ಮಿತಿ ಮೀರಿದರೆ ಅದೇ ಮೊದಲು ಕರಗುವಂತೆ ಮಾಡುವುದು. ಅದರ ದೌರ್ಬಲ್ಯ ಮನುಷ್ಯನಲ್ಲಿದೆ. ಎಳೆ ಪದೇ ಪದೇ ಹೋಗುತ್ತದೆ ಎಂದು ದಪ್ಪ ತಂತಿ ಸುತ್ತಿದ ಕ್ಷಣವೇ ಫ್ಯೂಸ್ ಸತ್ತಿತು. ಇನ್ನು ಕರಗುವ ಸರದಿ ಗೋಡೆಯೊಳಗಿನ ತಂತಿಯದು.

ಫ್ಯೂಸಿನ ಜಾಗಕ್ಕೆ ಬಂದ, ತಾನಾಗಿ ಬೀಳುವ ಸ್ವಿಚ್ಚಾದ ಎಂಸಿಬಿ ಎರಡು ವಿಧದಲ್ಲಿ ಕಾವಲು ಕಾಯುತ್ತದೆ. ಭಾರಿ ಪ್ರವಾಹ ನುಗ್ಗಿದರೆ ಒಳಗಿನ ವಿದ್ಯುತ್ಕಾಂತ ತಕ್ಷಣ ಕಡಿಯುತ್ತದೆ. ಸ್ವಲ್ಪ ಹೆಚ್ಚಿನ ಪ್ರವಾಹ ಬಹಳ ಹೊತ್ತು ಹರಿದರೆ ದ್ವಿಲೋಹ ಪಟ್ಟಿ ಬಿಸಿಯಾಗಿ ಬಾಗಿ ಕಡಿಯುತ್ತದೆ. ಈ ಎರಡನೆಯದು ನಿಧಾನದ ಕೆಲಸ. 16 ಆಂಪಿಯರಿನ ಎಂಸಿಬಿ 18 ಆಂಪಿಯರನ್ನು ತಡೆಯದೆ ಬಿಡಬಹುದು. 23 ಆಂಪಿಯರಿಗೆ ಒಂದು ಗಂಟೆಯೊಳಗೆ ಕಡಿದರೆ ಮಾನದಂಡ ಪಾಲಿಸಿದಂತೆ. ಬೇಸಿಗೆಯಲ್ಲಿ ಪೆಟ್ಟಿಗೆಯೇ ಬಿಸಿಯಾಗಿರುವಾಗ ಪಟ್ಟಿ ಬೇಗ ಬಾಗುತ್ತದೆ. ‘ಎಂಸಿಬಿ ಸುಮ್ಮಸುಮ್ಮನೆ ಬೀಳುತ್ತಿದೆ’ ಎಂಬ ದೂರು ಆಗ ಹೆಚ್ಚು, 16 ತೆಗೆದು 32 ಹಾಕುವ ಪರಿಹಾರವೂ ಆಗಲೇ ಹೆಚ್ಚು. ಮನೆಯ ವಿದ್ಯುತ್ ಕೆಲಸದಲ್ಲಿ ಕ್ಷಮಿಸಲಾಗದ ತಪ್ಪು ಒಂದಿದ್ದರೆ ಇದೇ. ಎಂಸಿಬಿ ಇರುವುದು ಉಪಕರಣವನ್ನು ಕಾಯಲು ಅಲ್ಲ, ತಂತಿಯನ್ನು ಕಾಯಲು. ತಂತಿ ಬದಲಿಸದೆ ಅದರ ಗಾತ್ರ ಹಿಗ್ಗಿಸುವಂತಿಲ್ಲ.

ಕಲ್ಲುನೆಲದಲ್ಲಿ ಭೂಸಂಪರ್ಕ

ಭೂಸಂಪರ್ಕ, ಎಂದರೆ ಅರ್ಥಿಂಗ್, ಉಪಕರಣದ ಲೋಹದ ಮೈಯನ್ನು ದಪ್ಪ ತಂತಿಯ ಮೂಲಕ ನೆಲದೊಂದಿಗೆ ಸೇರಿಸುವ ವ್ಯವಸ್ಥೆ. ಒಳಗಿನ ಫೇಸ್ ತಂತಿ ಮೈಗೆ ತಗುಲಿದರೆ ಪ್ರವಾಹ ಭೂಮಿಗೆ ಹರಿದು, ಅದು ದೊಡ್ಡದಾಗಿದ್ದರೆ ಫ್ಯೂಸ್ ಹಾರುತ್ತದೆ ಎಂಬುದು ಪಠ್ಯಪುಸ್ತಕದ ವಿವರಣೆ. ಪ್ರವಾಹ ದೊಡ್ಡದಾಗಬೇಕಾದರೆ ನೆಲದ ರೋಧ ಸಣ್ಣದಿರಬೇಕು. ಶಹಾಬಾದ್, ಭಂಕೂರಗಳ ತೊಡಕು ಇಲ್ಲಿಯೇ. ತೆಳು ಮಣ್ಣಿನ ಕೆಳಗಿನ ಒಣ ಸುಣ್ಣಕಲ್ಲು ವಿದ್ಯುತ್ತಿಗೆ ಒಳ್ಳೆಯ ದಾರಿಯಲ್ಲ. ಸೇಡಂ ಕಡೆಯ ಎರೆಭೂಮಿ ತೇವವಿದ್ದಾಗ ಉತ್ತಮ ವಾಹಕ. ಬೇಸಿಗೆಯಲ್ಲಿ ಅದೂ ಬಿರುಕು ಬಿಟ್ಟು ಅರ್ಥಿಂಗ್ ಪೈಪಿನಿಂದ ದೂರ ಸರಿಯುತ್ತದೆ.

ಅರ್ಥಿಂಗ್‌ನ ರೋಧ 20 ಓಮ್ ಇದ್ದರೆ ದೋಷದ ಪ್ರವಾಹ ಹೆಚ್ಚೆಂದರೆ 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಸಾಧಾರಣ ಹೊರೆಯಂತೆ ಕಾಣುತ್ತದೆ. ಅದು ಕಡಿಯುವುದಿಲ್ಲ, ಉಪಕರಣದ ಮೈಯಲ್ಲಿ ಅಪಾಯಕಾರಿ ವೋಲ್ಟೇಜ್ ಹಾಗೆಯೇ ನಿಲ್ಲುತ್ತದೆ. ಮನೆಯವರು ಮಾತ್ರ ‘ಅರ್ಥಿಂಗ್ ಮಾಡಿಸಿದ್ದೇವೆ’ ಎಂದು ನಿಶ್ಚಿಂತರಾಗಿರುತ್ತಾರೆ.

ಹಳೆಯ ಉಪಾಯ ಗುಂಡಿ ತೋಡಿ ಪೈಪು ಹೂಳಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಹೊಯ್ಯುವುದು. ಅದು ಇಂದಿಗೂ ಸರಿಯಾದ ಉಪಾಯವೇ, ಆದರೆ ನೀರು ಹೊಯ್ಯುವವರು ಕಡಿಮೆ. ಕಲ್ಲುನೆಲಕ್ಕೆ ನಿಜವಾದ ಉತ್ತರ ಆರ್‌ಸಿಸಿಬಿ ಎಂಬ ಸಾಧನ. ಫೇಸ್‌ನಲ್ಲಿ ಹೋದ ಪ್ರವಾಹವೂ ನ್ಯೂಟ್ರಲ್‌ನಲ್ಲಿ ಮರಳಿದ ಪ್ರವಾಹವೂ ಸಮನಾಗಿವೆಯೇ ಎಂದು ಅದು ಸದಾ ತೂಗಿ ನೋಡುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ, ಅಂದರೆ ಅಷ್ಟು ವಿದ್ಯುತ್ತು ಮನುಷ್ಯನ ಮೈಯ ಮೂಲಕವೋ ಒದ್ದೆ ಗೋಡೆಯ ಮೂಲಕವೋ ಸೋರಿದರೆ, ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತದೆ. ಉಪಕರಣದ ಮೈಯ ಮೇಲಿನ ವೋಲ್ಟೇಜನ್ನು 50ರೊಳಗೆ ಹಿಡಿದಿಡಲು ಈ ಸಾಧನಕ್ಕೆ ಅರ್ಥಿಂಗ್‌ನ ರೋಧ 1,600 ಓಮ್‌ಗಿಂತ ಕಡಿಮೆ ಇದ್ದರೆ ಲೆಕ್ಕಕ್ಕೆ ಸಾಕು. ಬಂಡೆಯ ಮೇಲೆ ಕಟ್ಟಿದ ಮನೆಯಲ್ಲೂ ಅದನ್ನು ಸಾಧಿಸಬಹುದು.

ಆರ್‌ಸಿಸಿಬಿಗೂ ಮಿತಿಗಳಿವೆ. ಸಡಿಲ ಸ್ಕ್ರೂವಿನ ಬಿಸಿ ಅದಕ್ಕೆ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಸೋರಿಕೆ ಇಲ್ಲ. ಇನ್ವರ್ಟರ್ ಜೋಡಿಸುವಾಗ ನ್ಯೂಟ್ರಲ್‌ಗಳನ್ನು ಬೆರೆಸಿದರೆ ಅದು ಪದೇ ಪದೇ ಬೀಳುತ್ತದೆ, ಆಗ ಅದನ್ನೇ ಜಾಲದಿಂದ ತಪ್ಪಿಸಿಬಿಡುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಅದರ ಮೈಮೇಲಿನ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಅದು ಗೋಡೆಯ ಅಲಂಕಾರ ಮಾತ್ರ.

ಕೂಲರ್, ಕಾಯಿಲ್, ಬಣವೆ

ಕಲಬುರಗಿ ಸೀಮೆಯ ಬೇಸಿಗೆಗೂ ಕೂಲರ್‌ಗೂ ಬಿಡದ ನಂಟು. ತಗಡಿನ ಮೈ, ತಳದಲ್ಲಿ ನೀರು, ನೀರಿನೊಳಗೆ ಪುಟ್ಟ ಪಂಪು, ಪಕ್ಕದಲ್ಲಿ ಮೋಟಾರು: ವಿದ್ಯುದಾಘಾತಕ್ಕೆ ಬೇಕಾದ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿವೆ. ವರ್ಷದ ಎಂಟು ತಿಂಗಳು ಮೂಲೆಯಲ್ಲಿ ತುಕ್ಕು ಹಿಡಿದ ಕೂಲರನ್ನು ಮಾರ್ಚ್‌ನಲ್ಲಿ ಹಾಗೆಯೇ ಚಾಲೂ ಮಾಡಬಾರದು. ಅದಕ್ಕೆ ಮೂರು ಪಿನ್ನಿನ ಪ್ಲಗ್ ಇರಲೇಬೇಕು. ಮೂರನೆಯ ದಪ್ಪ ಪಿನ್ನೇ ಅರ್ಥಿಂಗ್. ನೀರು ತುಂಬುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲ್‌ಗೆ ಜೋಡಿಸಿದ್ದರೆ ಆರಿಸಿದ ಕೂಲರ್‌ನಲ್ಲೂ ಫೇಸ್ ಇರುತ್ತದೆ.

ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲ್‌ನದು ಬೇರೆ ಸಮಸ್ಯೆ. 1,500 ವ್ಯಾಟಿನ ಕಾಯಿಲ್ 6.5 ಆಂಪಿಯರ್ ಸೆಳೆಯುತ್ತದೆ, ಅದನ್ನು ಸಿಕ್ಕಿಸುವುದು ಬಹುಪಾಲು 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ. ದಿನವೂ ಅರ್ಧ ಗಂಟೆ ಹೀಗೆ ಕಾಯ್ದ ಸಾಕೆಟ್ ಒಂದೆರಡು ಚಳಿಗಾಲದಲ್ಲಿ ಸಡಿಲವಾಗುತ್ತದೆ. ಮುಂದಿನದು ಮೇಲೆ ಹೇಳಿದ 34 ವ್ಯಾಟಿನ ಕಥೆ.

ಹೊರಗಿನ ಬೆಂಕಿ ಕಣಿಕೆ ಬಣವೆಗಳದು. ಗಾಳಿಗೆ ಎರಡು ತಂತಿ ಒಂದಕ್ಕೊಂದು ಬಡಿದರೆ ಕರಗಿದ ಅಲ್ಯೂಮಿನಿಯಂ ಹನಿಗಳು ಉದುರುತ್ತವೆ. ಕೆಳಗೆ ಒಣ ಜೋಳದ ದಂಟು, ತೊಗರಿ ಕಟ್ಟಿಗೆ ಇದ್ದರೆ ನಿಮಿಷಗಳಲ್ಲಿ ಎಲ್ಲವೂ ಮುಗಿಯುತ್ತದೆ. ಮಾರ್ಗದ ಕೆಳಗೆ ಬಣವೆ ಒಟ್ಟಬಾರದು. ಕಂಬದ ತಂತಿಗೆ ಕೊಂಡಿ ಹಾಕುವುದು ಕಳ್ಳತನವಷ್ಟೇ ಆಗಿದ್ದರೆ ಈ ಲೇಖನದಲ್ಲಿ ಅದಕ್ಕೆ ಜಾಗವಿರಲಿಲ್ಲ. ಕೊಂಡಿ ಎಂಬುದು ಎಂದೂ ಬಿಗಿಯಾಗದ ಜೋಡಣೆ, ಅದಕ್ಕೆ ಫ್ಯೂಸೂ ಇಲ್ಲ.

ಬೆಂಕಿ ಬಿದ್ದಾಗ

ಮೊದಲ ಕೆಲಸ ಮೇನ್ ಸ್ವಿಚ್ ಇಳಿಸುವುದು. ವಿದ್ಯುತ್ತು ಇರುವಾಗ ನೀರು ಎರಚಬಾರದು; ಒಣ ಮರಳು ಅಥವಾ ಒಣಪುಡಿಯ ಅಗ್ನಿಶಾಮಕ ಬಳಸಬಹುದು. ಶಾಕ್ ತಗುಲಿ ಅಂಟಿಕೊಂಡವರನ್ನು ಬರಿಗೈಯಲ್ಲಿ ಹಿಡಿಯದೆ, ಸರಬರಾಜು ಕಡಿದು ಅಥವಾ ಒಣ ಕಟ್ಟಿಗೆಯಿಂದ ಬಿಡಿಸಬೇಕು.

ಉರಿಗಿಂತ ಮೊದಲು ಕೊಲ್ಲುವುದು ಹೊಗೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನ ವಿದ್ಯುತ್ ತಂತಿಗಳ ಕೊಳವೆಯಲ್ಲಿ ಹುಟ್ಟಿದ ಬೆಂಕಿಯ ದಟ್ಟ ಹೊಗೆ ಮಹಡಿಗಳನ್ನು ತುಂಬಿ, 9 ಜನ ಪ್ರಾಣ ಕಳೆದುಕೊಂಡರು. ಸುಡುವ ಪಿವಿಸಿಯಿಂದ ಹೊರಡುವ ಹೈಡ್ರೋಜನ್ ಕ್ಲೋರೈಡ್ ಕಣ್ಣು, ಗಂಟಲು ಸುಡುತ್ತದೆ. ತಂತಿ ಕೊಳ್ಳುವಾಗ ಐಎಸ್ಐ ಗುರುತಿನ ಜೊತೆಗೆ ‘ಎಫ್ಆರ್‌ಎಲ್‌ಎಸ್’ ಎಂಬ ಅಕ್ಷರಗಳಿವೆಯೇ ನೋಡಬೇಕು. ಅದು ಬೇಗ ಹೊತ್ತದ, ಕಡಿಮೆ ಹೊಗೆ ಬಿಡುವ ಹೊದಿಕೆ.

ಹೊಣೆ ಯಾರದು

ಮೀಟರಿನವರೆಗಿನ ಮಾರ್ಗ ಜೆಸ್ಕಾಂನದು, ಮೀಟರಿನಿಂದ ಒಳಗೆ ಮನೆಯವರದು. ಒಳಗಿನ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಪರವಾನಗಿ ನೀಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾ ಇಲಾಖೆ. ವಿದ್ಯುತ್ತಿನಿಂದ ಮನುಷ್ಯರಿಗಾಗಲಿ ದನಕರುಗಳಿಗಾಗಲಿ ಅಪಾಯವಾದರೆ ವಿದ್ಯುತ್ ಪರಿವೀಕ್ಷಕರಿಗೆ ವರದಿ ಹೋಗಬೇಕೆಂದು 2003ರ ವಿದ್ಯುತ್ ಕಾಯ್ದೆಯ 161ನೆಯ ಕಲಂ ಹೇಳುತ್ತದೆ.

ಬೇಸಿಗೆ ಏರುವ ಮುನ್ನ, ಫೆಬ್ರವರಿಯಲ್ಲಿ, ಮೇನ್ ಇಳಿಸಿ ಎಲ್ಲ ಬೋರ್ಡುಗಳ ಸ್ಕ್ರೂ ಬಿಗಿಮಾಡಿಸಿ. ಹೀಟರ್ ಅರ್ಧ ಗಂಟೆ ಓಡಿದ ಮೇಲೆ ಸ್ವಿಚ್ ಆರಿಸಿ ಅದರ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಆ ಸಾಕೆಟ್ ಅಂದೇ ಬದಲಾಗಲಿ. ಕಂಬದ ಕಡೆಯ ದೋಷಕ್ಕೆ 1912, ಬೆಂಕಿಗೆ 112 ಅಥವಾ 101; ಈ ಸಂಖ್ಯೆಗಳನ್ನು ಮೀಟರ್ ಪೆಟ್ಟಿಗೆಯ ಮೇಲೆ ಬರೆದಿಡಿ.